ಆರನೇ ಕ್ಲಾಸಿನ ಮನೆಯವರ ಜೊತೆ ಮೊದಲ ಮಾತು

ಕೊಡಗಿನಲ್ಲಿ ಶಾಲೆಯೂ ಮಳೆಗಾಲವೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತವೆ. ಮೇ ಕೊನೆಗೆ ಪ್ರಾರಂಭೋತ್ಸವ, ಬಾಗಿಲಿಗೆ ತೋರಣ, ಮಕ್ಕಳ ಕೈಗೆ ಸಿಹಿ, ಹೊಸ ಪುಸ್ತಕ. ಅದರ ಬೆನ್ನಿಗೇ ಜೂನ್ ಮಳೆ. ಸಿದ್ದಾಪುರದ ಕಡೆ, ಕಾಫಿ ತೋಟಗಳ ನಡುವಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರರಿಂದ ಎಂಟನೇ ತರಗತಿಗೆ ಗಣಿತ, ವಿಜ್ಞಾನ ಕಲಿಸುತ್ತೇನೆ. ಆರನೇ ತರಗತಿಗೆ ನಾನೇ ಕ್ಲಾಸ್ ಟೀಚರ್. ವರ್ಷದ ಮೊದಲಿಗೆ ಆ ಮಕ್ಕಳ ಮನೆಯವರನ್ನು ಹೇಗೆ ಬರಮಾಡಿಕೊಳ್ಳುತ್ತೇನೆ ಅನ್ನುವುದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಇತ್ತು. ಶಾಲೆ ಹಂಚುವ ಕೌನ್ಸೆಲಿಂಗ್‌ನಲ್ಲಿ ಕೊಡಗು ಸಿಕ್ಕಿ ಬಯಲುಸೀಮೆಯಿಂದ ಬರುವ ಹೊಸ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಶಾಲೆಯಿಂದ ಕರೆ ಬಂತು ಅಂದರೆ ನಮ್ಮ ಕಡೆಯ ಮನೆಗಳಿಗೆ ಹೊಳೆಯುವುದು ಎರಡೇ ಕಾರಣ. ಮಗ ಏನೋ ಗಲಾಟೆ ಮಾಡಿಕೊಂಡಿದ್ದಾನೆ, ಇಲ್ಲಾ ಯಾವುದೋ ಕಾಗದಕ್ಕೆ ಸಹಿ ಬೇಕು. ಹಾಗಾಗಿ ವರ್ಷದ ಮೊದಲ ಭೇಟಿಯಲ್ಲಿ ಈ ಎರಡನ್ನೂ ನಾನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ದೂರು ಹೇಳುವುದಿಲ್ಲ, ಫಾರಂ ತೆಗೆಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನು ಶಿಕ್ಷಕರ ಕರ್ತವ್ಯಗಳ ಪಟ್ಟಿಯಲ್ಲೇ ಪೋಷಕರ ಜೊತೆ ನಿಯಮಿತ ಸಭೆಯನ್ನು ಸೇರಿಸಿದೆ: ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿಯ ಬಗ್ಗೆ ಮನೆಯವರಿಗೆ ತಿಳಿಸಬೇಕು ಅಂತ. ನಾನು ಇದಕ್ಕೆ ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ. ತಿಳಿಸುವ ಮೊದಲು ಕೇಳುತ್ತೇನೆ.

ಯಾವಾಗ ಕೇಳುವುದು ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಬೆಳಿಗ್ಗೆ ಹನ್ನೊಂದಕ್ಕೆ ಪೋಷಕರ ಸಭೆ ಅಂತ ಚೀಟಿ ಕಳಿಸಿದರೆ ತೋಟದ ಕೆಲಸಕ್ಕೆ ಹೋಗುವವರು ಆ ದಿನದ ಕೂಲಿ ಬಿಡಬೇಕು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಅದು ಸಣ್ಣ ಮಾತಲ್ಲ. ಆದ್ದರಿಂದ ಕೆಲಸ ಬಿಟ್ಟ ಮೇಲೆ, ಸಂಜೆ ಹೊತ್ತು, ಲೈನ್ ಮನೆಗಳಿಗೆ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಿಗೆ, ನಾವೇ ಹೋಗುತ್ತೇವೆ. ತೋಟದ ಲೆಕ್ಕಪತ್ರ ನೋಡುವ ರೈಟರಿಗೋ ಮೇಸ್ತ್ರಿಗೋ ಮೊದಲೇ ಹೇಳಿರುತ್ತೇವೆ. ಗೇಟಿನೊಳಗೆ ಹೇಳದೆ ಹೋಗುವುದು ಸರಿಯಲ್ಲ. ಇಬ್ಬರು ಶಿಕ್ಷಕರು, ಜೊತೆಗೆ ಅದೇ ಲೈನಿನ ಎಂಟನೇ ತರಗತಿಯ ಒಂದು ಹುಡುಗಿ ಅಥವಾ ಹುಡುಗ. ಕತ್ತಲಾಗುವ ಮೊದಲು ವಾಪಸಾಗುತ್ತೇವೆ, ಯಾಕೆಂದರೆ ಆ ಹೊತ್ತಿಗೆ ಆನೆಗಳೂ ಅದೇ ದಾರಿಗೆ ಇಳಿಯುತ್ತವೆ. ಬುಡಕಟ್ಟು ಜನರ ಹಾಡಿಯ ಮನೆಗಳಿಗೂ ಹೀಗೇ. ಸಣ್ಣ ಹಿಡುವಳಿಯವರು, ಅಂಗಡಿಯವರು, ಆಟೋ ಓಡಿಸುವವರು ಸಂತೆಯ ದಿನ ಹೇಗೂ ಪೇಟೆಗೆ ಬರುತ್ತಾರೆ. ಅವರನ್ನು ಆ ದಿನವೇ ಶಾಲೆಗೆ ಕರೆಯುತ್ತೇನೆ.

ಭಾಷೆಯ ವಿಷಯ ಬಂದರೆ, ನನ್ನ ಒಂದು ತರಗತಿಯಲ್ಲೇ ಯರವ ಭಾಷೆ, ಕುರುಬರ ಭಾಷೆ, ಮಲಯಾಳಂ, ತಮಿಳು, ತುಳು, ಅರೆಭಾಷೆ, ಕೊಡವ ತಕ್ಕ್ ಮಾತಾಡುವ ಮನೆಗಳಿರುತ್ತವೆ. ಈಚಿನ ವರ್ಷಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯಿಂದ ತೋಟದ ಕೆಲಸಕ್ಕೆ ಬಂದ ಮನೆಗಳೂ ಸೇರಿವೆ. ಇಲ್ಲಿ ನಾನು ಕಟ್ಟುನಿಟ್ಟಾಗಿ ಪಾಲಿಸುವ ನಿಯಮ ಒಂದಿದೆ. ಯಾವ ಮಗುವಿನ ಬಗ್ಗೆ ಮಾತೋ ಆ ಮಗುವನ್ನೇ ದುಭಾಷಿ ಮಾಡಬಾರದು. ತನ್ನ ಬಗ್ಗೆ ತಾನೇ ಅಪ್ಪ ಅಮ್ಮನಿಗೆ ಹೇಳಬೇಕಾದ ಮಗುವಿನ ಮುಖ ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಎಂಟನೇ ತರಗತಿಯವರನ್ನು ಜೊತೆಗೆ ಕರೆದೊಯ್ಯುವುದು. ಅವರೂ ಎಷ್ಟು ಜವಾಬ್ದಾರಿಯಿಂದ ಮಾಡುತ್ತಾರೆ ಅಂದರೆ, ನಾನು ಉದ್ದಕ್ಕೆ ಹೇಳಿದ್ದನ್ನು ಎರಡು ಮಾತಿನಲ್ಲಿ ಮುಗಿಸಿ, ಮನೆಯವರು ಎರಡು ಮಾತಿನಲ್ಲಿ ಹೇಳಿದ್ದರ ಹಿಂದಿನ ಸಂಗತಿಯನ್ನು ನನಗೆ ವಿವರವಾಗಿ ಬಿಡಿಸುತ್ತಾರೆ.

ಹೋಗಿ ಕೂತ ಮೇಲೆ ನಾನು ಕೇಳುವುದು ತುಂಬ ಇಲ್ಲ. ನಿಮ್ಮ ಮಗುವಿನ ಕೈ ಯಾವ ಕೆಲಸದಲ್ಲಿ ಚೆನ್ನಾಗಿ ಓಡುತ್ತದೆ? ಶಾಲೆಯ ಬಗ್ಗೆ ಅದಕ್ಕೆ ಏನಾದರೂ ಹೆದರಿಕೆ ಇದೆಯೇ? ಈ ವರ್ಷ ಮನೆಯಲ್ಲಿ ಏನಾದರೂ ಬದಲಾಗಲಿದೆಯೇ, ಅಂದರೆ ಊರಿಗೆ ಹೋಗುವುದು, ತೋಟ ಬದಲಿಸುವುದು, ಹೆರಿಗೆ, ಕಾಯಿಲೆ? ಮೊದಲ ಪ್ರಶ್ನೆಗೆ ಬಹಳ ಮಂದಿ ಸುಮ್ಮನಾಗಿಬಿಡುತ್ತಾರೆ. ಟೀಚರ್ ಬಂದು ಮಗುವಿನ ಒಳ್ಳೆಯದನ್ನು ಕೇಳುತ್ತಾರೆ ಅಂತ ಯಾರೂ ಎಣಿಸಿರುವುದಿಲ್ಲ. ಆಗ ಅವಸರ ಮಾಡದೆ ಕಾಯಬೇಕು. ಒಬ್ಬ ತಾಯಿ ಎಷ್ಟೋ ಹೊತ್ತಿನ ಮೇಲೆ, "ಕರಿಮೆಣಸು ಬಿಡಿಸಿ ಜೊಳ್ಳು ಕಾಳು ಬೇರೆ ಮಾಡೋದ್ರಲ್ಲಿ ಅವನಷ್ಟು ಬೇಗ ನಮ್ಮಲ್ಲಿ ಯಾರೂ ಇಲ್ಲ" ಅಂದರು. ಗಣಿತದಲ್ಲಿ ತಲೆ ಎತ್ತದ ಹುಡುಗ ಅವನು. ವರ್ಗೀಕರಣದ ಪಾಠ ಬಂದಾಗ ಮುಂದೆ ಕೂರಿಸಿ, ಮೊದಲು ಅವನ ಕೈಯಲ್ಲೇ ಕಾಳಿನ ವಿಂಗಡಣೆ ಮಾಡಿಸಿದೆ. ಯಾವ ಲಕ್ಷಣ ನೋಡಿ ವಿಂಗಡಿಸಿದೆ ಅಂತ ಕೇಳಿದಾಗ ತೂಕ, ಬಣ್ಣ, ತೇಲುವುದು, ಮುಳುಗುವುದು ಎಲ್ಲವನ್ನೂ ತಾನೇ ಹೇಳಿದ. ಆ ತಾಯಿ ಅಂದು ಹೇಳದಿದ್ದರೆ ನನಗೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಕೇಳಿದ್ದನ್ನೆಲ್ಲ ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಅವರ ಎದುರಿಗೆ ಬರೆಯುವುದಿಲ್ಲ. ಪೆನ್ನು ಕಂಡರೆ ಮಾತು ನಿಲ್ಲುತ್ತದೆ. ಆ ಪುಸ್ತಕ ನನ್ನದು ಮಾತ್ರ, ಯಾವ ವರದಿಗೂ ಹೋಗುವುದಿಲ್ಲ.

ಆಮೇಲೆ ನಾನು ಹೇಳಬೇಕಾದದ್ದು. ಐದನೇ ತರಗತಿಯಿಂದ ಆರಕ್ಕೆ ಬಂದಾಗ ಮಗುವಿಗೆ ಬಹಳ ಬದಲಾಗುತ್ತದೆ, ಇದನ್ನು ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಪರಿಸರ ಅಧ್ಯಯನ ಅಂತ ಒಂದೇ ಪುಸ್ತಕವಿದ್ದದ್ದು ವಿಜ್ಞಾನ, ಸಮಾಜ ವಿಜ್ಞಾನ ಅಂತ ಒಡೆಯುತ್ತದೆ. ಹಿಂದಿ ಹೊಸದಾಗಿ ಬರುತ್ತದೆ. ಗಣಿತದಲ್ಲಿ ಸೊನ್ನೆಗಿಂತ ಕೆಳಗಿನ ಸಂಖ್ಯೆಗಳು ಬರುತ್ತವೆ, ಸಂಖ್ಯೆಯ ಜಾಗದಲ್ಲಿ ಅಕ್ಷರ ಬಂದು ಕೂರುತ್ತದೆ. ಮಗು ಮೊದಲ ತಿಂಗಳು ತಡವರಿಸಿದರೆ ದಡ್ಡತನ ಅಂದುಕೊಳ್ಳಬೇಡಿ, ಬೈಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ಜೂನ್‌ನಲ್ಲಿ ನಡೆಯುವ ಸೇತುಬಂಧ ಯಾಕೆ ಅನ್ನುವುದನ್ನೂ ಹೇಳುತ್ತೇನೆ: ಹಿಂದಿನ ತರಗತಿಯಲ್ಲಿ ಎಲ್ಲಿ ಬಿಟ್ಟುಹೋಗಿದೆ ಅಂತ ನೋಡಿ ಅದನ್ನು ತುಂಬಿಸುವುದಕ್ಕೆ, ಮಗುವನ್ನು ಸೋಲಿಸುವುದಕ್ಕಲ್ಲ. ಓದು ಬಾರದ ತಾಯಿ ತಂದೆ "ನಾವೇನು ಮಾಡೋಣ ಟೀಚರೇ" ಅಂತ ಕೇಳಿದಾಗ ನನ್ನ ಹತ್ತಿರ ಖಚಿತವಾದ ಉತ್ತರವಿದೆ. ಸಂಜೆ ಮಗು ಶಾಲೆಯಲ್ಲಿ ಆದದ್ದನ್ನು ನಿಮ್ಮ ಮನೆಯ ಭಾಷೆಯಲ್ಲಿ ನಿಮಗೆ ಹೇಳಲಿ, ನೀವು ಕೇಳಿ. ವಿಷಯ ತಿಳಿದಿದ್ದರೆ ಯಾವ ಭಾಷೆಯಲ್ಲಾದರೂ ಹೇಳಬಹುದು. ಹೇಳಲು ಬಾರದಿದ್ದರೆ ಎಲ್ಲಿ ನಿಂತಿತು ಅಂತ ಮಗುವಿಗೇ ಗೊತ್ತಾಗುತ್ತದೆ.

ಮನೆಯವರು ಕಲಿಸಬಲ್ಲ ಗಣಿತವೂ ಕೊಡಗಿನಲ್ಲಿ ಧಾರಾಳವಾಗಿದೆ, ಮಳೆ ಲೆಕ್ಕದಿಂದ ಶುರುಮಾಡಿದರೆ ಸಾಕು. ಇಲ್ಲಿ ತೋಟ ಇರುವ ಕಡೆಯೆಲ್ಲ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ಅಳೆದು ಪುಸ್ತಕದಲ್ಲಿ ಬರೆದಿಡುವುದು ಹಳೆಯ ರೂಢಿ, ಅದೂ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ದಶಮಾಂಶ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ. ಎರಡು ಇಂಚು ಐದು ಸೆಂಟು ಮಳೆಯನ್ನು ಮಕ್ಕಳು 2.5 ಅಂತ ಬರೆಯುತ್ತಾರೆ. ಪುಸ್ತಕದ ಲೆಕ್ಕದಲ್ಲಿ ಇದನ್ನು ತಿದ್ದಿ ತಿದ್ದಿ ಸಾಕಾಗುತ್ತದೆ. ಆದರೆ 2.5 ಅಂದರೆ ಎರಡೂವರೆ ಇಂಚು, ನಿನ್ನೆ ಅಷ್ಟು ಸುರಿದಿತ್ತೇ ಅಂತ ಕೇಳಿದ ಕೂಡಲೇ ಅವರಿಗೇ ತಪ್ಪು ಕಾಣುತ್ತದೆ, 2.05 ಅಂತ ತಾವೇ ತಿದ್ದಿಕೊಳ್ಳುತ್ತಾರೆ. ಒಂದು ಇಂಚಿಗೆ 25.4 ಮಿಲಿಮೀಟರು, ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನಲ್ಲಿ ಬರುತ್ತದೆ, ಮನೆಯ ಲೆಕ್ಕ ಇಂಚಿನಲ್ಲಿ. ಎರಡನ್ನೂ ಹೋಲಿಸುವುದೇ ಗುಣಾಕಾರದ ಅಭ್ಯಾಸ.

ಹಾಗಾಗಿ ಜೂನ್ ಭೇಟಿಯಲ್ಲಿ ನಾನು ಮನೆಯವರಿಗೆ ಒಪ್ಪಿಸುವ ಕೆಲಸ ಇದು. ಯಾರ ಮನೆಯವರು ರೈಟರೋ, ಮಳೆ ಅಳೆಯುವವರೋ, ಅವರು ಆ ದಿನದ ಅಂಕಿಯನ್ನು ಮಗುವಿನ ಕೈಲಿ ಬರೆಸಿ ಕಳಿಸಲಿ. ಮಾಪಕ ಇಲ್ಲದವರು ನೇರ ಗೋಡೆಯ ಡಬ್ಬವೊಂದನ್ನು ಮರದ ನೆರಳು, ಸೂರಿನ ನೀರು ತಾಗದ ಬಯಲಲ್ಲಿ ಇಟ್ಟು ಒಳಗಿನ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆಯಲಿ. ಡಬ್ಬದ ಬಾಯಿ ದೊಡ್ಡದೋ ಚಿಕ್ಕದೋ ಲೆಕ್ಕಕ್ಕಿಲ್ಲ, ಬಾಯಿಂದ ತಳದವರೆಗೆ ಅಗಲ ಒಂದೇ ಇದ್ದರಾಯಿತು. ತರಗತಿಯ ಗೋಡೆಯಲ್ಲಿ ಎಲ್ಲ ತೋಟಗಳ ಅಂಕಿಗಳ ಪಟ್ಟಿ ತಿಂಗಳುಗಟ್ಟಲೆ ಬೆಳೆಯುತ್ತದೆ. ಪಕ್ಕಪಕ್ಕದ ತೋಟಗಳಲ್ಲೂ ಮಳೆ ಬೇರೆಬೇರೆ ಯಾಕೆ ಅನ್ನುವ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಏಳನೇ ತರಗತಿಗೆ ಹೋದಾಗ ಇದೇ ರೀತಿ ಕಾಫಿಯ ಓಟಿ (ಔಟ್‌ಟರ್ನ್) ಲೆಕ್ಕವನ್ನು ಹಿಡಿಯುತ್ತೇನೆ, ಅಂದರೆ ಒಂದು ಚೀಲ ಚೆರಿಯಿಂದ (ಒಣಗಿಸಿದ ಕಾಫಿ ಹಣ್ಣಿನಿಂದ) ಎಷ್ಟು ಬೀಜ ಸಿಗುತ್ತದೆ ಅನ್ನುವುದು. 50 ಕೆಜಿಯ ಚೆರಿ ಚೀಲದಲ್ಲಿ 26 ಕೆಜಿ ಬೀಜ ಬಂದರೆ ಓಟಿ 26, ಶೇಕಡಾ ಎಷ್ಟು? ಈ ಲೆಕ್ಕವನ್ನು ಬಾಯಲ್ಲೇ ಮಾಡುವ ಅಪ್ಪಂದಿರು ನಮ್ಮಲ್ಲಿದ್ದಾರೆ. ಅಂಥವರೊಬ್ಬರನ್ನು ತರಗತಿಗೆ ಕರೆದು ಕಪ್ಪುಹಲಗೆಯ ಮುಂದೆ ನಿಲ್ಲಿಸಿದಾಗ ಅವರ ಮಗಳು ಕೂತ ರೀತಿಯೇ ಬೇರೆಯಾಗಿತ್ತು.

ಇನ್ನು ಮಳೆ ರಜೆ. ಜಿಲ್ಲಾಧಿಕಾರಿಗಳು ರಜೆ ಘೋಷಿಸುವ ಸುದ್ದಿ ಹಿಂದಿನ ಸಂಜೆಯೋ ಬೆಳಿಗ್ಗೆಯೋ ಬರುತ್ತದೆ. ಕರೆಂಟು ಹೋಗಿ ಟವರ್ ಸತ್ತ ದಿನ ವಾಟ್ಸಾಪ್ ಗುಂಪು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೀಗಾಗಿ ಪ್ರತಿ ಲೈನಿಗೆ, ಪ್ರತಿ ಹಾಡಿಗೆ ಒಬ್ಬರನ್ನು ಜೂನ್‌ನಲ್ಲೇ ಗೊತ್ತುಮಾಡಿಕೊಳ್ಳುತ್ತೇವೆ. ಕೂಡುರಸ್ತೆಯ ಅಂಗಡಿಯವರು, ಹಾಲಿನವರು, ಮೊದಲ ಬಸ್ಸಿನ ಕಂಡಕ್ಟರು, ಹೀಗೆ ಯಾರ ಕಿವಿಗೆ ಸುದ್ದಿ ಬೇಗ ಬೀಳುತ್ತದೋ ಅವರು. ರಜೆ ಘೋಷಣೆ ಆಗಿರಲಿ ಬಿಡಲಿ, ತೋಡು ತುಂಬಿ ಕಾಲುಸಂಕದ ಮೇಲೆ ನೀರು ಹರಿಯುತ್ತಿದ್ದರೆ ಮಗುವನ್ನು ಕಳಿಸಬೇಡಿ ಅಂತ ಸ್ಪಷ್ಟವಾಗಿ ಹೇಳುತ್ತೇನೆ. ದಾರಿಯಲ್ಲಿ ಆನೆ ಇದ್ದ ದಿನ ತಡವಾಗಿ ಬಂದವರನ್ನು ನಮ್ಮಲ್ಲಿ ಯಾರೂ ಹೊರಗೆ ನಿಲ್ಲಿಸುವುದಿಲ್ಲ. ಹೋಗುವಾಗ ಬರುವಾಗ ಗುಂಪಾಗಿಯೇ ನಡೆಯಬೇಕು, ಆ ಗುಂಪಿನ ಪಟ್ಟಿ ಮನೆಯವರ ಬಳಿಯೂ ಇರುತ್ತದೆ. ಯೂನಿಫಾರ್ಮ್ ಒಣಗದಿದ್ದರೆ ಬಣ್ಣದ ಬಟ್ಟೆ ಆಗಬಹುದು, ಶೂ ಬದಲು ಚಪ್ಪಲಿ ಆಗಬಹುದು. ಜುಲೈ ತಿಂಗಳಲ್ಲಿ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿದ ಅಂಗಿ ಹೊಗೆ ವಾಸನೆ ಬರುತ್ತದೆ. ಅದಕ್ಕಾಗಿ ಯಾವ ಮಗುವೂ ಯಾರಿಂದಲೂ ಮಾತು ಕೇಳಬಾರದು, ಇದನ್ನು ಮಕ್ಕಳಿಗೂ ಬೇರೆಯಾಗಿ ಹೇಳಿರುತ್ತೇನೆ.

2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಗುಡ್ಡ ಕುಸಿದದ್ದು, ಮರುವರ್ಷ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿಯ ಹೊಳೆ ಬದಿಯ ಮನೆಗಳು ಹೋದದ್ದು ಇಲ್ಲಿಯವರು ಮರೆಯುವ ಸಂಗತಿಗಳಲ್ಲ. ಹೊಳೆ ಬದಿಯ ಮನೆಯವರಿಗೆ ನಾನು ಹೇಳುವುದು ಇಷ್ಟು. ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೋ ನೆಂಟರ ಮನೆಗೋ ಹೋಗಬೇಕಾದರೆ ಎಲ್ಲಿದ್ದೀರಿ ಅಂತ ಒಂದು ಮಾತು ತಿಳಿಸಿ. ಪುಸ್ತಕ ಹೋದರೆ ಚಿಂತಿಸಬೇಡಿ. ಕಾಗದಪತ್ರಗಳ ಒಂದು ಜೆರಾಕ್ಸ್ ಶಾಲೆಯಲ್ಲಿ ಇಡಿ.

ಕಾಗದದ ಮಾತು ಬಂದಾಗ ಹೊರಗಿನಿಂದ ಬಂದ ಮನೆಗಳ ಆತಂಕ ಬೇರೆಯೇ. ಟಿಸಿ ಊರಿನಲ್ಲಿ ಉಳಿದಿದೆ, ಜನನ ಪ್ರಮಾಣಪತ್ರ ಇಲ್ಲ, ಸೇರಿಸಿಕೊಳ್ಳುತ್ತಾರೋ ಇಲ್ಲವೋ ಅಂತ ಮಗುವನ್ನು ಲೈನಿನಲ್ಲೇ ಉಳಿಸಿಕೊಂಡಿರುತ್ತಾರೆ. ವಯಸ್ಸಿನ ದಾಖಲೆ ಇಲ್ಲ ಅಂತ ದಾಖಲಾತಿ ನಿರಾಕರಿಸುವಂತಿಲ್ಲ, ಟಿಸಿ ತಡವಾಯಿತು ಅನ್ನುವುದೂ ಕಾರಣವಾಗುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಇದೆಲ್ಲ ಅದೇ ಕಾಯ್ದೆಯಲ್ಲಿದೆ. ಮೊದಲು ಮಗು ಬರಲಿ, ಕಾಗದ ಆಮೇಲೆ ಅಂತ ಹೇಳಿದಾಗ ಅವರ ಭುಜ ಇಳಿಯುವುದನ್ನು ನೋಡಿದ್ದೇನೆ. ಬೇರೆ ಲಿಪಿಯಲ್ಲಿ ಓದಲು ಬರುವ ಹನ್ನೊಂದರ ಮಗುವಿಗೆ ಕನ್ನಡ ಅಕ್ಷರ ಕಲಿಸುವುದು ಕಷ್ಟವೇನಲ್ಲ, ಓದುವುದು ಅಂದರೇನು ಅಂತ ಅದಕ್ಕೆ ಆಗಲೇ ಗೊತ್ತಿರುತ್ತದೆ. ಸ್ವಲ್ಪ ಹಿಂದಿ ಬರುವವರಾದರೆ ಹಿಂದಿ ತರಗತಿಯಲ್ಲಿ ಉಳಿದವರಿಗೆ ಅವರೇ ಆಸರೆ. ಹೊಸದಾಗಿ ಬಂದ ಮಗುವಿಗೆ ದಿನದಲ್ಲಿ ಒಂದು ಪೀರಿಯಡ್ಡಾದರೂ ತಲೆ ಎತ್ತಿ ಕೂರುವಂಥದ್ದು ಬೇಕು.

ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಹೆಂಗಸರಿಗೆ ಅರ್ಧ ಪಾಲು ಇದೆ ಅನ್ನುವುದನ್ನೂ ಪ್ರತಿ ಮನೆಯಲ್ಲಿ ಹೇಳಿ ಬರುತ್ತೇನೆ. ಬಿಸಿಯೂಟದ ರುಚಿ, ಶೌಚಾಲಯದ ನೀರು, ಹೆಣ್ಣುಮಕ್ಕಳ ಮುಟ್ಟಿನ ದಿನಗಳ ವ್ಯವಸ್ಥೆ, ಇವುಗಳ ಬಗ್ಗೆ ನೇರವಾಗಿ ಕೇಳುವವರು ತಾಯಂದಿರೇ. ಆರು, ಏಳನೇ ತರಗತಿಯ ಹುಡುಗಿಯರ ಅಮ್ಮಂದಿರ ಜೊತೆ ಈ ಕೊನೆಯ ವಿಷಯವನ್ನು ಬೇರೆಯಾಗಿ ಕೂತು ಮಾತಾಡುತ್ತೇವೆ, ಶಿಕ್ಷಕಿಯರು ಮಾತ್ರ.

ಹೊರಡುವ ಮೊದಲು ಮುಂದಿನ ಭೇಟಿಯ ಮಾತು ತೆಗೆಯುತ್ತೇನೆ. ಅರೇಬಿಕಾ ಕೊಯ್ಲು ನವೆಂಬರಿನ ಹೊತ್ತಿಗೆ ಶುರುವಾದರೆ ರೊಬಸ್ಟಾ ಮುಗಿಯುವುದು ಮಾರ್ಚಿಗೆ. ಆ ತಿಂಗಳುಗಳಲ್ಲೇ ದೊಡ್ಡ ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವುದು, ಕೆಲವರು ಕೈಚೀಲ ಹಿಡಿದು ಗಿಡದ ಬುಡಕ್ಕೆ ಹೋಗುವುದು. ಆಮೇಲೆ ಹೋಗಿ ಕರೆದರೆ ಅದು ದೂರು ಹೇಳಿದಂತಾಗುತ್ತದೆ. ಅದಕ್ಕೆ ಜೂನ್‌ನಲ್ಲೇ ಕೇಳಿಬಿಡುತ್ತೇನೆ: ಕೊಯ್ಲಿನ ಸಮಯದಲ್ಲಿ ಚಿಕ್ಕವರನ್ನು ಯಾರು ನೋಡಿಕೊಳ್ಳುತ್ತಾರೆ? ಅಂಗನವಾಡಿ ಎಷ್ಟು ದೂರ? ಪಕ್ಕದ ಮನೆಯ ಅಜ್ಜಿ ಒಪ್ಪುತ್ತಾರೆಯೇ? ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಮುಂಚೆ ಇನ್ನೊಮ್ಮೆ ಬರುತ್ತೇನೆ ಅಂತ ಹೇಳಿ, ಯಾವ ವಾರ ಅನ್ನುವುದನ್ನು ಮನೆಯವರ ಕೈಲೇ ಆರಿಸಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬರುತ್ತೇನೆ.