ಬಂದರಿನಲ್ಲಿ ತೋರಿಸಲು ಏನೂ ಇಲ್ಲದ ಕಥೆ

ತಿಂಗಳಿಗೊಂದು ಭಾನುವಾರ ಹತ್ತಿಪ್ಪತ್ತು ಜನರನ್ನು ಕಟ್ಟಿಕೊಂಡು ಮಂಗಳೂರಿನ ಹಳೇ ಬೀದಿಗಳಲ್ಲಿ ನಡೆಯುತ್ತೇನೆ. ಹೊಟ್ಟೆಪಾಡಿನ ಕೆಲಸ ಬೇರೆ, ಇದು ಹುಚ್ಚು. ಅಲೋಶಿಯಸ್ ಚಾಪೆಲ್‌ಗೆ ಹೋದರೆ ನನಗೆ ಕೆಲಸವೇ ಇಲ್ಲ. ತಲೆ ಎತ್ತಿ ನೋಡಿ ಅಂದರೆ ಸಾಕು, ಇಟಲಿಯ ಕಲಾವಿದ ಮೊಸ್ಕೇನಿ ಬರೆದ ಚಿತ್ರಗಳೇ ಮಾತಾಡುತ್ತವೆ. ಬಾವುಟಗುಡ್ಡೆಯಲ್ಲಿ ಬ್ರಿಟಿಷರ ವಿರುದ್ಧ 1837ರಲ್ಲಿ ಎದ್ದ ದಂಗೆ, ಕಲ್ಯಾಣಪ್ಪನ ಕಾಟಕಾಯಿಯ ಕಥೆ ಹೇಳಲು ಆ ಜಾಗದ ಹೆಸರೇ ಉಂಟು. ಆದರೆ ನನಗೆ ಎಲ್ಲಕ್ಕಿಂತ ಇಷ್ಟದ ಕಥೆಗೆ ಊರಲ್ಲಿ ಒಂದು ಕಲ್ಲೂ ಉಳಿದಿಲ್ಲ.

ಅದು ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಕಥೆ. ಈಗಿನ ಟುನೀಶಿಯಾದ ಮಹ್ದಿಯಾ ಊರಿನವನು. ಈಗಿನ ಯೆಮನ್‌ನ ಏಡನ್ ಬಂದರಿಗೆ ಬಂದು, ಅಲ್ಲಿಂದ ಹಡಗು ಹತ್ತಿ ಮಂಗಳೂರಿಗೆ ಬಂದ. ಆಗ ಇಲ್ಲಿ ಆಳುಪ ರಾಜವಂಶದ ಆಳ್ವಿಕೆ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲೇ ಒಂದು ಪತ್ರ ಬರೆಸಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ತುಳುನಾಡಿನ ಹೆಣ್ಣು. ಅವಳನ್ನೇ ಮದುವೆಯಾದ ಎಂದು ಹೆಚ್ಚಿನ ವಿದ್ವಾಂಸರು ನಂಬುತ್ತಾರೆ. ಮುಂದಿನ ಹದಿನೇಳು ವರ್ಷಗಳಲ್ಲಿ ಹೆಚ್ಚಿನ ಕಾಲ ಅವನು ಕಳೆದದ್ದು ಇದೇ ಕರಾವಳಿಯಲ್ಲಿ.

ಇದೆಲ್ಲ ಗೊತ್ತಾದದ್ದು ಕೈರೋದಿಂದ. ದೇವರ ಹೆಸರು ಇರಬಹುದಾದ ಕಾಗದವನ್ನು ಯಹೂದಿಗಳು ಬಿಸಾಡುತ್ತಿರಲಿಲ್ಲ. ಹಳೇ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಕೋಣೆಯೊಂದಕ್ಕೆ ತುಂಬುತ್ತಾ ಹೋದರು. 1896-97ರಲ್ಲಿ ವಿದ್ವಾಂಸ ಸೊಲೊಮನ್ ಶೆಕ್ಟರ್ ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಆ ರಾಶಿಯಲ್ಲಿ ನಮ್ಮ ಬೆನ್ ಯಿಜುವಿನ ವ್ಯಾಪಾರದ ಕಾಗದಗಳೂ ಇದ್ದವು.

ಮೊದಲ ಸಲ ಈ ಕಥೆ ಹೇಳಿದ್ದು ಬಂದರಿನ ಸಗಟು ಅಂಗಡಿಗಳ ನಡುವೆ ನಿಂತು. ಇಸವಿ, ರಾಜವಂಶ, ಹಡಗಿನ ದಾರಿ ಎಲ್ಲ ಒಪ್ಪಿಸಿದೆ. ಐದು ನಿಮಿಷಕ್ಕೆ ಅರ್ಧ ಜನ ಮೊಬೈಲ್ ಹಿಡಿದಿದ್ದರು. ಹೆದರಿಕೆಯಾಯಿತು. ಆ ಹೆದರಿಕೆಯಲ್ಲಿ ಒಂದು ತಪ್ಪು ಮಾಡಿದೆ. ಒಂದು ಹಳೇ ಗೋದಾಮಿನ ಕಡೆ ಕೈ ತೋರಿಸಿ, "ಅವನ ಮನೆ ಇಲ್ಲೇ ಎಲ್ಲೋ ಇತ್ತು" ಅಂದುಬಿಟ್ಟೆ. ಎಲ್ಲರ ತಲೆ ಎದ್ದಿತು, ಫೋಟೊನೂ ತೆಗೆದರು. ಅಷ್ಟರಲ್ಲಿ ಪಕ್ಕದ ಅಂಗಡಿಯ ಜಗಲಿಯಲ್ಲಿ ಕೂತಿದ್ದ ಹಿರಿಯ ಬ್ಯಾರಿ ವ್ಯಾಪಾರಿಯೊಬ್ಬರು ನಗುತ್ತಾ ಕೇಳಿದರು: "ಅದು ನಿಮಗೆ ಹೇಗೆ ಗೊತ್ತು ಮಾರಾಯ್ರೆ? ನನ್ನ ಅಜ್ಜನ ಗೋದಾಮು ಎಲ್ಲಿತ್ತು ಅಂತ ನನಗೇ ಸರಿ ಗೊತ್ತಿಲ್ಲ."

ಉತ್ತರ ಇರಲಿಲ್ಲ. ಇಲ್ಲಿ ಅಳಿವೆಬಾಗಿಲೇ ಕಾಲಕಾಲಕ್ಕೆ ಜಾಗ ಬದಲಿಸಿದೆ, ಇನ್ನು ಮನೆಯೆಲ್ಲಿ! ಸುಮ್ನೆ ಕೈ ತೋರಿಸುವುದನ್ನು ಅವತ್ತೇ ಬಿಟ್ಟೆ.

ಆಮೇಲೆ ಕೂತು ಆ ಪತ್ರಗಳ ಅನುವಾದ ಓದಿದೆ. ಕೇಂಬ್ರಿಜ್‌ನವರು ಹಾಕಿರುವ ಚಿತ್ರಗಳನ್ನೂ ನೋಡಿದೆ. ಭಾಷೆ ಅರೇಬಿಕ್, ಲಿಪಿ ಹೀಬ್ರೂ. ನನಗೆ ಎರಡೂ ಬಾರದು. ಆದರೂ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಂದು ಕಡೆ ಏಡನ್‌ನಿಂದ ಬಂದ ಪತ್ರ, ಅದರ ಬೆನ್ನಿಗೆ, ಬದಿಯ ಖಾಲಿ ಜಾಗಕ್ಕೆ, ಬೆನ್ ಯಿಜು ಗೀಚಿದ ಲೆಕ್ಕ. ಕಾಗದ ಇಲ್ಲಿ ಸಿಗುತ್ತಿರಲಿಲ್ಲ. ಏಡನ್‌ನ ಗೆಳೆಯರು ಕಾಗದವನ್ನೇ ಉಡುಗೊರೆಯಾಗಿ ಕಳಿಸುತ್ತಿದ್ದರು. ನಮ್ಮ ಅಮ್ಮ ಕ್ಯಾಲೆಂಡರ್ ಹಾಳೆಯ ಹಿಂದೆ ಹಾಲಿನ ಲೆಕ್ಕ ಬರೆಯುತ್ತಿದ್ದದ್ದು ನೆನಪಾಯಿತು. ಮನುಷ್ಯ ಹತ್ತಿರವಾದದ್ದು ಆಗ.

ಈಗ ನಾನು ಒಂದು ಬಟ್ಟೆ ಚೀಲ ಒಯ್ಯುತ್ತೇನೆ. ಒಳಗೆ ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಒಂದು ಬಾಣಲೆ, ನಾಲ್ಕು ಹಾಳೆ ಕಾಗದ. ಏಡನ್‌ನಿಂದ ಅವನಿಗೆ ಬರುತ್ತಿದ್ದದ್ದು ಇಂಥವು. ಇನ್ನೊಂದು ಪೊಟ್ಟಣದಲ್ಲಿ ಅಡಿಕೆ, ಕಾಳುಮೆಣಸು, ಏಲಕ್ಕಿ, ಒಂದು ತುಂಡು ಕಬ್ಬಿಣ. ಇವು ಇಲ್ಲಿಂದ ಹೋಗುತ್ತಿದ್ದವು. ಏನನ್ನೂ ಹೇಳದೆ ಎಲ್ಲವನ್ನೂ ಒಂದು ಮೂಟೆಯ ಮೇಲೆ ಹರಡಿ, ಯಾವುದು ಬಂದದ್ದು, ಯಾವುದು ಹೋದದ್ದು ಅಂತ ವಿಂಗಡಿಸಲು ಮಕ್ಕಳಿಗೆ ಬಿಡುತ್ತೇನೆ. ಬಾಣಲೆಯ ವಿಷಯದಲ್ಲಿ ಪ್ರತಿ ಸಲವೂ ಜಗಳ. ಅಡಿಕೆಯಲ್ಲಿ ಯಾರೂ ತಪ್ಪುವುದಿಲ್ಲ, ನಮ್ಮೂರಲ್ವಾ!

ಹೊರಡುವ ಜಾಗವನ್ನೂ ಬದಲಿಸಿದೆ. ಬಂದರಿಗೆ ಮೊದಲು ಕದ್ರಿಗೆ ಹೋಗುತ್ತೇವೆ. ಮಂಜುನಾಥ ದೇವಸ್ಥಾನದಲ್ಲಿ ಕಂಚಿನ ಲೋಕೇಶ್ವರ ಇದೆ. ಮೂರು ಮುಖ, ಆರು ಕೈ. ಆಳುಪ ದೊರೆ ಕುಂದವರ್ಮನ ಕಾಲದ್ದು, ಪೀಠದ ಶಾಸನದ ಪ್ರಕಾರ ಕ್ರಿ.ಶ. 968. ಬೆನ್ ಯಿಜುವಿಗೆ ಈ ಕರಾವಳಿಯಲ್ಲೊಂದು ಕಂಚಿನ ಕಾರ್ಖಾನೆಯಿತ್ತು. ಏಡನ್‌ನವರು ಒಡೆದ ಹಳೇ ಪಾತ್ರೆ, ತಾಮ್ರ, ತವರ ಕಳಿಸಿ, ಹೂಜಿ ಇಷ್ಟು ದೊಡ್ಡದಿರಲಿ, ದೀಪ ಹೀಗಿರಲಿ ಅಂತ ಬರೆಯುತ್ತಿದ್ದರು. ಲೋಕೇಶ್ವರನನ್ನು ಎರಕ ಹೊಯ್ದವರ ಮೊಮ್ಮಕ್ಕಳೇ ಅವನ ಕೆಲಸದವರು ಅಂತ ನಾನು ಹೇಳುವುದಿಲ್ಲ. ಬಾಯಿ ಚಪಲ ಇದೆ, ಆದರೆ ಹೇಳುವುದಿಲ್ಲ. ಆ ಕೆಲಸ ಅವನಿಗಿಂತ 160 ವರ್ಷ ಮೊದಲೇ ಈ ಊರಿನವರ ಕೈಗೆ ಹತ್ತಿತ್ತು, ಅಷ್ಟೇ.

ಜನ ಜಾಸ್ತಿ ನಗುವುದು ಅವನ ಆಳಿನ ಕಥೆಗೆ. ಯಜಮಾನನ ಪರವಾಗಿ ವ್ಯಾಪಾರಕ್ಕೆ ಏಡನ್‌ಗೆ ಹೋದವನು ಅಲ್ಲಿ ಕುಡಿದು, ಹಣಕ್ಕಾಗಿ ಪೀಡಿಸಿದನಂತೆ. ಏಡನ್‌ನ ದೊಡ್ಡ ವ್ಯಾಪಾರಿ ಮದ್ಮುನ್ ಪತ್ರದಲ್ಲಿ ದೂರು ಬರೆದಿದ್ದಾನೆ. ಅದೇ ಆಳು ಮುಂದೆ, ಅಲ್ಲಿನ ವ್ಯಾಪಾರಿಗಳು ತನಗೆ ಗೌರವದಿಂದ ನಮಸ್ಕಾರ ತಿಳಿಸುವಷ್ಟು ಬೆಳೆದ. ಹೆಸರು? ಆ ಬರವಣಿಗೆಯಲ್ಲಿ ಎಲ್ಲ ಸ್ವರಗಳನ್ನೂ ಬರೆಯುವ ರೂಢಿಯಿಲ್ಲ. 'ಬ', 'ಮ', 'ಹ' ಅಂತಷ್ಟೇ ಕಾಣುತ್ತದೆ. ಕೆಲವು ವಿದ್ವಾಂಸರು 'ಬಾಮ' ಅಂತ ಓದಿದರು, ಬೇರೆಯವರು 'ಬೊಮ್ಮ' ಅಂದರು. ನಮ್ಮ ಗುಂಪಿನಲ್ಲಿ ಮತ ಹಾಕಿಸಿದರೆ ಬೊಮ್ಮನೇ ಗೆಲ್ಲುತ್ತಾನೆ.

ಕೊನೆಗೆ ಆಶುವಿಗೆ ಬರುತ್ತೇನೆ. ಬೆನ್ ಯಿಜು 1149ರಲ್ಲಿ ಮಗ ಮತ್ತು ಮಗಳನ್ನು ಕರೆದುಕೊಂಡು ಏಡನ್‌ಗೆ ಮರಳಿದ. ಮಗ ಅಲ್ಲಿಂದ ಮುಂದೆ ಜಾಸ್ತಿ ಬದುಕಲಿಲ್ಲ. ಮಗಳನ್ನು ಸಹೋದರನ ಮಗನಿಗೆ ಕೊಟ್ಟ, 1156ರಲ್ಲಿ ಈಜಿಪ್ಟ್‌ನಲ್ಲಿ ಮದುವೆ. ಏಡನ್‌ನಿಂದ ಸಹೋದರರಿಗೆ ಉದ್ದುದ್ದ ಪತ್ರ ಬರೆದ. ಯಾವುದರಲ್ಲೂ ಆಶುವಿನ ಹೆಸರಿಲ್ಲ. ಮೊದಲೆಲ್ಲ ಇಲ್ಲಿ ನಾನು ದನಿ ತಗ್ಗಿಸಿ, ಅವಳು ಸತ್ತಿರಬೇಕು ಎನ್ನುವ ಹಾಗೆ ಮಾತು ಮುಗಿಸುತ್ತಿದ್ದೆ.

ಕಳೆದ ಮಳೆಗಾಲಕ್ಕೆ ಮುಂಚೆ, ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿಯೊಬ್ಬರು ಮೂಟೆಯ ಮೇಲಿನ ಅಡಿಕೆಗಳನ್ನು ಒಂದೊಂದಾಗಿ ಪೊಟ್ಟಣಕ್ಕೆ ತುಂಬುತ್ತಾ ಕೇಳಿದರು: "ಅವಳಿಗೆ ಅಣ್ಣತಮ್ಮಂದಿರು ಇರಲಿಲ್ವಾ?"

ಇದ್ದ. ಬೆನ್ ಯಿಜುವಿನ ಲೆಕ್ಕದ ಹಾಳೆಯಲ್ಲಿ ಭಾವಮೈದ ಅಂತ ಒಬ್ಬ ಬರುತ್ತಾನೆ, ಹೆಸರು ನಾಯರ್.

"ಮತ್ತೆ? ಅಣ್ಣನ ಮನೆ ಇಲ್ಲೇ ಇರುವಾಗ ಅವಳು ಆ ದೂರಕ್ಕೆ ಯಾಕೆ ಹೋಗ್ತಾಳೆ?" ಅಂದವರು ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು.