ಆರ್‌ಸಿ ಕಾರಿಗೆ ಎರಡು ಲಿಪೋ ಪ್ಯಾಕ್: ಜೋಡಿ ಹೊಂದುತ್ತದೆಯೇ ಎಂದು ನೋಡುವುದು ಹೇಗೆ?

ಟ್ರಾಕ್ಸಾಸ್ ಎಕ್ಸ್-ಮ್ಯಾಕ್ಸ್, ಅರ್ಮಾ ಕ್ರೇಟನ್‌ನಂಥ ದೊಡ್ಡ ರೇಡಿಯೊ ನಿಯಂತ್ರಿತ ಕಾರುಗಳು ಎರಡು ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಪ್ಯಾಕ್‌ಗಳ ಮೇಲೆ ಓಡುತ್ತವೆ. ಕೊಂಡಾಗ ಎರಡೂ ಒಂದೇ ತರಹದವು. ವರ್ಷ ಕಳೆಯುವಷ್ಟರಲ್ಲಿ ಒಂದು ಉಬ್ಬಿಕೊಳ್ಳುತ್ತದೆ. ಅದನ್ನು ತೆಗೆದು ಹೊಸದೊಂದನ್ನು ತಂದು ಹಳೆಯದರ ಪಕ್ಕಕ್ಕೆ ಕೂರಿಸುತ್ತಾರೆ. ಕಾರು ಓಡುತ್ತದೆ, ವೇಗವೂ ಬರುತ್ತದೆ. ಹತ್ತಾರು ಓಟಗಳಲ್ಲಿ ಎರಡನೆಯದೂ ಹಾಳಾಗುತ್ತದೆ, ಕೆಲವೊಮ್ಮೆ ಚಾರ್ಜ್ ಮಾಡುವಾಗ ಹೊತ್ತಿಯೂ ಉರಿಯುತ್ತದೆ. ಇದನ್ನು ತಪ್ಪಿಸಲು ಒಂದು ಮಲ್ಟಿಮೀಟರ್, ಬ್ಯಾಲೆನ್ಸ್ ಚಾರ್ಜರ್ (ಪ್ಯಾಕಿನ ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬಿಸುವ ಚಾರ್ಜರ್) ಮತ್ತು ಎರಡು ಲಿಪೋ ಅಲಾರಂ (ಸೆಲ್‌ನ ವೋಲ್ಟೇಜ್ ಇಳಿದಾಗ ಕೂಗುವ ಚಿಕ್ಕ ಸಾಧನ) ಸಾಕು.

ಮೊದಲು ವೈರ್ ನೋಡಿ

ನಿಮ್ಮ ಕಾರಿನಲ್ಲಿ ಪ್ಯಾಕ್‌ಗಳು ಸೀರೀಸ್‌ನಲ್ಲಿವೆಯೇ, ಪ್ಯಾರಲಲ್‌ನಲ್ಲಿವೆಯೇ ಎನ್ನುವುದರ ಮೇಲೆ ಎಲ್ಲ ನಿಯಮಗಳೂ ನಿಂತಿವೆ. ಒಂದು ಪ್ಲಗ್‌ನ ಕೆಂಪು ವೈರ್ ಇನ್ನೊಂದು ಪ್ಲಗ್‌ನ ಕಪ್ಪು ವೈರ್‌ಗೆ ಸೇರಿದ್ದರೆ ಅದು ಸೀರೀಸ್: ವೋಲ್ಟೇಜ್ ಕೂಡುತ್ತದೆ, ಎಂಎಎಚ್ (ಮಿಲಿಆಂಪಿಯರ್-ಗಂಟೆ, ಅಂದರೆ ಪ್ಯಾಕಿನ ಸಾಮರ್ಥ್ಯ) ಅಷ್ಟೇ ಉಳಿಯುತ್ತದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿದ್ದರೆ ಪ್ಯಾರಲಲ್: ವೋಲ್ಟೇಜ್ ಅಷ್ಟೇ, ಎಂಎಎಚ್ ಕೂಡುತ್ತದೆ. ಎಕ್ಸ್-ಮ್ಯಾಕ್ಸ್ ಎರಡು 4ಎಸ್ (ಅಂದರೆ ಸೀರೀಸ್‌ನಲ್ಲಿ ನಾಲ್ಕು ಸೆಲ್‌ಗಳಿರುವ) ಪ್ಯಾಕ್‌ಗಳನ್ನು ಸೀರೀಸ್‌ನಲ್ಲಿ ಸೇರಿಸಿ 8ಎಸ್ ಮಾಡಿಕೊಳ್ಳುತ್ತದೆ. ಓಡುವ ಸಮಯ ಹೆಚ್ಚಲಿ ಎಂದು ಹೊರಗಿನಿಂದ ಕೊಂಡು ಹಾಕುವ ವೈ ಆಕಾರದ ವೈರ್‌ಗಳು ಎರಡೂ ಬಗೆಯಲ್ಲಿ ಸಿಗುತ್ತವೆ, ನೋಡಲು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಪ್ಯಾಕೆಟ್ ಮೇಲಿನ ಹೆಸರನ್ನು ನಂಬದೆ ಮಲ್ಟಿಮೀಟರ್‌ನ ಕಂಟಿನ್ಯುಟಿ ಮೋಡ್‌ನಲ್ಲಿ (ಯಾವ ವೈರ್ ಯಾವುದಕ್ಕೆ ಸೇರಿದೆ ಎಂದು ತೋರಿಸುವುದು) ಪರೀಕ್ಷಿಸಿಯೇ ಹಾಕಿ.

ಸೀರೀಸ್‌ನಲ್ಲಿ ಕೆಡುವುದು ಎಲ್ಲಿ?

ಸೀರೀಸ್‌ನಲ್ಲಿ ಎರಡೂ ಪ್ಯಾಕ್‌ಗಳ ಮೂಲಕ ಹರಿಯುವುದು ಒಂದೇ ಕರೆಂಟ್. ಆದರೆ ವೇಗ ನಿಯಂತ್ರಿಸುವ ಇಎಸ್‌ಸಿಗೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ. ಯಾವ ಪ್ಯಾಕ್ ಎಷ್ಟು ಕೊಡುತ್ತಿದೆ ಎಂಬುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಎಲ್ಲ ಅನಾಹುತದ ಮೂಲ ಇದೇ.

ಲೆಕ್ಕ ಹಾಕಿ ನೋಡೋಣ. 5000 ಎಂಎಎಚ್‌ನ ಒಂದು 2ಎಸ್, 4000 ಎಂಎಎಚ್‌ನ ಇನ್ನೊಂದು 2ಎಸ್, ಸೀರೀಸ್‌ನಲ್ಲಿ ಒಟ್ಟು 4ಎಸ್. ಇಎಸ್‌ಸಿಯ ಕಟ್-ಆಫ್ (ಕಾರನ್ನು ನಿಲ್ಲಿಸುವ ಮಟ್ಟ) ಸೆಲ್‌ಗೆ 3.2 ವೋಲ್ಟ್, ಅಂದರೆ ಒಟ್ಟು 12.8 ವೋಲ್ಟ್. 4000 ಎಂಎಎಚ್ ಖರ್ಚಾದ ಹೊತ್ತಿಗೆ ಚಿಕ್ಕ ಪ್ಯಾಕ್ ಬರಿದು. ದೊಡ್ಡದರಲ್ಲಿ ಇನ್ನೂ ಐದನೇ ಒಂದು ಭಾಗ ಉಳಿದಿದ್ದು, ಓಡುವಾಗಲೂ ಸೆಲ್‌ಗೆ ಸುಮಾರು 3.6, ಒಟ್ಟು 7.2 ವೋಲ್ಟ್ ಕೊಡುತ್ತಿರುತ್ತದೆ. 12.8ರಲ್ಲಿ 7.2 ಕಳೆದರೆ 5.6. ಚಿಕ್ಕ ಪ್ಯಾಕಿನ ಸೆಲ್‌ಗಳು ತಲಾ 2.8 ವೋಲ್ಟ್‌ಗೆ ಇಳಿಯುವವರೆಗೂ ಇಎಸ್‌ಸಿ ಕಾರನ್ನು ನಿಲ್ಲಿಸುವುದಿಲ್ಲ. ಆ ಎರಡು ಸೆಲ್‌ಗಳಲ್ಲೂ ಒಂದು ದುರ್ಬಲವಾಗಿದ್ದರೆ ಅದು ಇನ್ನೂ ಕೆಳಗೆ ಹೋಗಿರುತ್ತದೆ.

3.0 ವೋಲ್ಟ್‌ಗಿಂತ ಕೆಳಗಿಳಿದ ಸೆಲ್‌ಗೆ ಏಟು ಬೀಳತೊಡಗುತ್ತದೆ: ಒಳಗೆ ಅನಿಲ ಹುಟ್ಟಿ ಪ್ಯಾಕ್ ಉಬ್ಬುತ್ತದೆ. ಇನ್ನೂ ತೀರ ಕೆಳಗೆ ಹೋದರೆ ತಾಮ್ರದ ಹಾಳೆ ಕರಗುತ್ತದೆ, ಮತ್ತೆ ಚಾರ್ಜ್ ಮಾಡುವಾಗ ಅದೇ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಮಾಡಬಹುದು. ಓಡಿಸುವಾಗ ಮಾಡಿದ ತಪ್ಪಿಗೆ ಬೆಂಕಿ ಚಾರ್ಜಿಂಗ್ ಮೇಜಿನ ಮೇಲೆ ಕಾಣಿಸಿಕೊಳ್ಳುವುದು ಇದರಿಂದಲೇ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಗಾದೆಯಂತೆ, ಇಲ್ಲಿ ಬಲವಾದ ಪ್ಯಾಕೇ ದುರ್ಬಲ ಪ್ಯಾಕನ್ನು ಮುರಿಯುತ್ತದೆ.

ಜೋಡಿ ಪರೀಕ್ಷೆ

1. ಲೇಬಲ್ ಓದಿ. ಎಂಎಎಚ್ ಒಂದೇ ಇರಬೇಕು. ರಸಾಯನವೂ ಒಂದೇ ಇರಬೇಕು: ಸಾಮಾನ್ಯ ಲಿಪೋ ತುಂಬುವುದು ಸೆಲ್‌ಗೆ 4.2 ವೋಲ್ಟ್‌ಗೆ, ಎಚ್‌ವಿ ಎಂದು ಬರೆದಿರುವುದು 4.35ಕ್ಕೆ. ಇವೆರಡನ್ನು, ಅಥವಾ ಲಿಪೋ ಜೊತೆ ನಿಕಲ್ ಪ್ಯಾಕನ್ನು ಎಂದೂ ಸೇರಿಸಬೇಡಿ. ಸಿ ರೇಟಿಂಗ್ (ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಎಂಬ ಅಂಕಿ) ಬೇರೆಯಾಗಿದ್ದರೆ ಕಡಿಮೆ ಇರುವುದೇ ಮಿತಿ. 5000 ಎಂಎಎಚ್, 50ಸಿ ಎಂದರೆ ಕಾಗದದ ಮೇಲೆ 250 ಆಂಪಿಯರ್. ಲೇಬಲ್‌ಗಳು ಇಲ್ಲಿ ಧಾರಾಳವಾಗಿ ಬರೆದುಕೊಳ್ಳುತ್ತವೆ, ಹಾಗಾಗಿ ಮೂರನೆಯ ಹಂತಕ್ಕೇ ಹೆಚ್ಚು ಬೆಲೆ ಕೊಡಿ.

2. ಎರಡನ್ನೂ ಬೇರೆಬೇರೆಯಾಗಿ, ಬ್ಯಾಲೆನ್ಸ್ ಮೋಡ್‌ನಲ್ಲಿ, 1ಸಿಯಲ್ಲಿ ತುಂಬಿಸಿ. 5000 ಎಂಎಎಚ್‌ಗೆ 5 ಆಂಪಿಯರ್. ಅರ್ಧ ಗಂಟೆ ಬಿಟ್ಟು ಪ್ರತಿ ಸೆಲ್ ಅಳೆಯಿರಿ. 0.02 ವೋಲ್ಟ್‌ಗಿಂತ ಹೆಚ್ಚು ಹಿಂದೆ ಬಿದ್ದ ಸೆಲ್ ಇದ್ದರೆ ಆ ಪ್ಯಾಕ್ ಮೇಲೆ ಕಣ್ಣಿಡಿ.

3. ಆಂತರಿಕ ರೋಧವನ್ನು ಚಾರ್ಜರ್‌ನಲ್ಲೇ ನೋಡಿ. ಎರಡೂ ಪ್ಯಾಕ್‌ಗಳು ಕೋಣೆಯ ಉಷ್ಣತೆಯಲ್ಲಿರಲಿ, ತಣ್ಣಗಿನ ಸೆಲ್‌ನ ರೋಧ ಹೆಚ್ಚೇ ತೋರುತ್ತದೆ. 5000 ಎಂಎಎಚ್‌ನ ಆರೋಗ್ಯವಂತ ಸೆಲ್ ಸಾಮಾನ್ಯವಾಗಿ 2ರಿಂದ 5 ಮಿಲಿಓಮ್ ತೋರಿಸುತ್ತದೆ. ಒಂದು ಪ್ಯಾಕಿನ ಸೆಲ್‌ಗಳು 3, ಇನ್ನೊಂದರವು 6 ಅಥವಾ ಹೆಚ್ಚು ಇದ್ದರೆ ಜೋಡಿ ಮಾಡಬೇಡಿ.

4. ನಿಜವಾದ ಸಾಮರ್ಥ್ಯ ಅಳೆಯಿರಿ. ಪೂರ್ತಿ ತುಂಬಿದ ಪ್ಯಾಕನ್ನು ಚಾರ್ಜರ್‌ನ ಡಿಸ್ಚಾರ್ಜ್ ಮೋಡ್‌ನಲ್ಲಿ ಸೆಲ್‌ಗೆ 3.3 ವೋಲ್ಟ್‌ವರೆಗೆ ಇಳಿಸಿ, ಹೊರಬಂದ ಎಂಎಎಚ್ ಬರೆದಿಟ್ಟುಕೊಳ್ಳಿ. 2 ಆಂಪಿಯರ್‌ನಲ್ಲಿ ಸುಮಾರು ಎರಡೂವರೆ ಗಂಟೆ ಹಿಡಿಯುತ್ತದೆ, ಚಿಕ್ಕ ಚಾರ್ಜರ್ ಆದರೆ ಇನ್ನೂ ನಿಧಾನ. 4850 ಮತ್ತು 4620 ಬಂದರೆ ವ್ಯತ್ಯಾಸ ಶೇ 5ರೊಳಗೆ, ಪರವಾಗಿಲ್ಲ. 4850 ಮತ್ತು 4200 ಬಂದರೆ ಸೀರೀಸ್‌ಗೆ ಬೇಡ.

ಈ ನಾಲ್ಕನೆಯ ಹಂತವನ್ನು ಬಿಟ್ಟು, ಓಡಿಸಿದ ಮೇಲೆ ಯಾವ ಪ್ಯಾಕಿಗೆ ಎಷ್ಟು ಎಂಎಎಚ್ ತುಂಬಿತು ಎಂದು ಹೋಲಿಸುವವರಿದ್ದಾರೆ. ಸೀರೀಸ್‌ನಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಎರಡರಿಂದಲೂ ಒಂದೇ ಕರೆಂಟ್ ಹೋಗಿರುವುದರಿಂದ ತುಂಬುವ ಎಂಎಎಚ್ ಕೂಡ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಕಾಣುವುದು ವೋಲ್ಟೇಜ್‌ನಲ್ಲಿ, ಅದೂ ಓಟದ ಕೊನೆಯಲ್ಲಿ. ನಡುವೆ ವೋಲ್ಟೇಜ್ ಬಲು ನಿಧಾನವಾಗಿ ಇಳಿಯುವುದರಿಂದ ಸೆಲ್‌ಗೆ 3.8 ಇದ್ದಾಗ ಎರಡೂ ಒಂದೇ ತರಹ ಕಾಣುತ್ತವೆ; 3.7ರ ಆಸುಪಾಸಿನಲ್ಲಿ ಬಣ್ಣ ಬಯಲಾಗುತ್ತದೆ.

ಮೊದಲ ಓಟ

ಒಂದೊಂದು ಪ್ಯಾಕಿನ ಬ್ಯಾಲೆನ್ಸ್ ವೈರ್‌ಗೂ (ಪ್ರತಿ ಸೆಲ್‌ಗೂ ಸೇರಿರುವ ತೆಳ್ಳಗಿನ ವೈರ್‌ಗಳ ಪ್ಲಗ್) ಒಂದೊಂದು ಅಲಾರಂ ಸಿಕ್ಕಿಸಿ. ಇವಕ್ಕೆ ಒಂಬತ್ತು ಪಿನ್‌ಗಳಿರುತ್ತವೆ; ಬ್ಯಾಲೆನ್ಸ್ ಪ್ಲಗ್‌ನ ಕಪ್ಪು ವೈರ್ ಮೈನಸ್ ಗುರುತಿನ ಪಿನ್‌ಗೆ ಬರಬೇಕು. ಮೇಲಿನ ಗುಂಡಿ ಒತ್ತಿ 3.5 ವೋಲ್ಟ್‌ಗೆ ಇಡಿ. ಇಎಸ್‌ಸಿಗೆ ಕಾಣದ್ದನ್ನು ಇದು ಸೆಲ್ ಸೆಲ್ ಲೆಕ್ಕದಲ್ಲಿ ನೋಡುತ್ತದೆ, ಯಾವುದೇ ಒಂದು ಸೆಲ್ ಇಳಿದರೂ ಕೂಗುತ್ತದೆ. ಮೊದಲು ಕೂಗಿದ್ದು ಯಾವುದು ಎಂದು ನೋಡಿ, ಅಲ್ಲಿಗೇ ಓಟ ನಿಲ್ಲಿಸಿ. ಐದು ನಿಮಿಷ ಬಿಟ್ಟು ಅಳೆದಾಗ ಎರಡು ಪ್ಯಾಕ್‌ಗಳ ಸೆಲ್‌ಗಳ ನಡುವೆ 0.05 ವೋಲ್ಟ್‌ಗಿಂತ ಹೆಚ್ಚು ಅಂತರವಿದ್ದರೆ ಜೋಡಿ ಮುರಿಯಿರಿ. ಓಟ ಮುಗಿದ ಮೇಲೆ ಅಲಾರಂ ಕಳಚಲು ಮರೆಯಬೇಡಿ, ಸಿಕ್ಕಿಸಿಯೇ ಬಿಟ್ಟರೆ ಅದೇ ಪ್ಯಾಕನ್ನು ಬರಿದು ಮಾಡುತ್ತದೆ.

ಪ್ಯಾರಲಲ್ ಆದರೆ

ಇಲ್ಲಿ ಎಂಎಎಚ್ ಬೇರೆ ಇದ್ದರೂ ನಡೆಯುತ್ತದೆ. ಅಪಾಯ ಇರುವುದು ಪ್ಲಗ್ ಸೇರಿಸುವ ಕ್ಷಣದಲ್ಲಿ. 8.4 ವೋಲ್ಟ್‌ನ ತುಂಬಿದ 2ಎಸ್‌ಗೆ 7.4ರ ಅರೆಬರೆ 2ಎಸ್ ಸೇರಿಸಿದಿರಿ ಎನ್ನಿ. ಎರಡೂ ಪ್ಯಾಕ್‌ಗಳು ಮತ್ತು ವೈರ್ ಸೇರಿ ರೋಧ 15 ಮಿಲಿಓಮ್ ಇದ್ದರೆ, 1 ವೋಲ್ಟ್ ಅಂತರಕ್ಕೆ ಆ ಕ್ಷಣ ಸುಮಾರು 67 ಆಂಪಿಯರ್ ನುಗ್ಗುತ್ತದೆ. 5 ಆಂಪಿಯರ್‌ನಲ್ಲಿ ತುಂಬಿಸಬೇಕಾದ ಪ್ಯಾಕಿಗೆ ಇದು ಹದಿಮೂರು ಪಟ್ಟು. 2ಎಸ್ ಜೊತೆ 3ಎಸ್ ಸೇರಿಸಿದರೆ ಅಂತರ 4 ವೋಲ್ಟ್ ದಾಟುತ್ತದೆ, ಆಗ ಪ್ಲಗ್ ಕೈಯಲ್ಲೇ ಕರಗುತ್ತದೆ. ಸೆಲ್ ಸಂಖ್ಯೆ ಒಂದೇ ಇರಲಿ, ಸೇರಿಸುವ ಮುನ್ನ ಸೆಲ್‌ಗೆ 0.05 ವೋಲ್ಟ್ ಒಳಗೆ ಹೊಂದಿಸಿ. ಎರಡನ್ನೂ ಪೂರ್ತಿ ತುಂಬಿಸಿ ಸೇರಿಸುವುದೇ ಸುಲಭದ ದಾರಿ.

ಪ್ಯಾರಲಲ್‌ನಲ್ಲಿ ಹೊರೆ ಹಂಚಿಕೆಯಾಗುವುದು ರೋಧದ ಲೆಕ್ಕದಲ್ಲಿ. 6 ಮಿಲಿಓಮ್‌ನ ಹೊಸ ಪ್ಯಾಕ್, 18ರ ಹಳೆಯ ಪ್ಯಾಕ್ ಸೇರಿ 80 ಆಂಪಿಯರ್ ಕೊಡಬೇಕಾದರೆ ಹೊಸದು 60, ಹಳೆಯದು 20. ಹಳೆಯದು ಹೆಸರಿಗೆ ಮಾತ್ರ ಇರುತ್ತದೆ, ಅದರ ಭಾರ ಬೇರೆ.

ಚಾರ್ಜ್ ಮಾಡುವಾಗ

ಸೀರೀಸ್ ವೈರ್ ಕಳಚದೆಯೇ ಎರಡು ಪೋರ್ಟ್‌ಗಳ ಚಾರ್ಜರ್‌ಗೆ ಎರಡೂ ಬ್ಯಾಲೆನ್ಸ್ ಪ್ಲಗ್ ಸಿಕ್ಕಿಸುವುದು ದೊಡ್ಡ ತಪ್ಪು. ಅಂಥ ಅನೇಕ ಚಾರ್ಜರ್‌ಗಳಲ್ಲಿ ಎರಡೂ ಪೋರ್ಟ್‌ಗಳ ಮೈನಸ್ ಒಳಗೆ ಒಂದೇ. ಸೀರೀಸ್‌ನಲ್ಲಿ ಮೇಲಿನ ಪ್ಯಾಕಿನ ಮೈನಸ್ ಎಂದರೆ ಕೆಳಗಿನ ಪ್ಯಾಕಿನ ಪ್ಲಸ್. ಹಾಗಾಗಿ ಕೆಳಗಿನ ಪ್ಯಾಕ್ ನೇರ ಶಾರ್ಟ್ ಆಗುತ್ತದೆ, ತೆಳ್ಳಗಿನ ಬ್ಯಾಲೆನ್ಸ್ ವೈರ್ ಸುಟ್ಟುಹೋಗುತ್ತದೆ. ಪ್ರತಿ ಪ್ಯಾಕನ್ನೂ ಕಾರಿನಿಂದ ತೆಗೆದು ಬೇರೆಯಾಗಿಯೇ ಚಾರ್ಜ್ ಮಾಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಓಡಿ ಬಂದ ಪ್ಯಾಕ್ ಬಿಸಿಯಾಗಿಯೇ ಇರುತ್ತದೆ. 45 ಡಿಗ್ರಿಗಿಂತ ಕೆಳಗಿಳಿಯದೆ ಚಾರ್ಜರ್‌ಗೆ ಹಾಕಬಾರದು. ಎರಡು ದಿನಕ್ಕಿಂತ ಹೆಚ್ಚು ಓಡಿಸುವುದಿಲ್ಲವೆಂದರೆ ಸೆಲ್‌ಗೆ 3.8ರಿಂದ 3.85 ವೋಲ್ಟ್‌ಗೆ ತಂದಿಡಿ.

ಹೊಸದು ಕೊಳ್ಳುವಾಗ ಒಂದೇ ಬ್ರ್ಯಾಂಡಿನ ಎರಡನ್ನು ಒಟ್ಟಿಗೇ ಕೊಂಡು, ಎ1, ಎ2 ಎಂದು ಮಾರ್ಕರ್‌ನಲ್ಲಿ ಬರೆದು, ತಿಂಗಳು-ವರ್ಷ ಹಾಕಿ, ಕೊನೆಯವರೆಗೂ ಜೋಡಿಯಾಗಿಯೇ ಬಳಸಿ. ಜೋಡಿ ತಪ್ಪಿದ ಒಂಟಿ ಪ್ಯಾಕ್ ಗಟ್ಟಿಯಾಗಿದ್ದರೆ ಒಂದೇ ಬ್ಯಾಟರಿಯ ಚಿಕ್ಕ ಕಾರಿಗೆ ಆರಾಮವಾಗಿ ಆಗುತ್ತದೆ. ಉಬ್ಬಿದ್ದನ್ನು ಚುಚ್ಚಬೇಡಿ, ಒತ್ತಬೇಡಿ. 2ಎಸ್, 3ಎಸ್ ಪ್ಯಾಕ್ ಆದರೆ ಬಯಲಿನಲ್ಲಿ, ಮರಳು ತುಂಬಿದ ತಟ್ಟೆಯಲ್ಲಿಟ್ಟು, 12 ವೋಲ್ಟ್ ಬಲ್ಬ್ ಒಂದನ್ನು ಸೇರಿಸಿ, ದೂರ ನಿಂತು ಕಾಯುತ್ತ ಬರಿದು ಮಾಡಿ. ಪ್ಲಗ್‌ಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇದನ್ನು ಮನೆಯ ಕಸದ ಜೊತೆ ಹಾಕುವಂತಿಲ್ಲ.