ಕಾರಿಲ್ಲದೆ ಇಟಲಿಯ ಕೋಮೋ ಸರೋವರದ ದಡದಲ್ಲಿ ಐದು ದಿನ

ಮೊದಲು ವೀಸಾ. ಇಟಲಿಗೆ ಬೇಕಾದ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲೇ ಹಾಕಬಹುದು; ಬೇಸಿಗೆಗೆ ಹೋಗುವವರು ಬೆಂಗಳೂರಿನಲ್ಲಿ ಸ್ಲಾಟ್ ಸಿಗುತ್ತದೆಂದು ಕಾಯುತ್ತ ಕೂರಬೇಡಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋಗಳದ್ದಿರಬೇಕು.

ತಂಗಲು ಎಲ್ಲರೂ ದಡದ ಊರಾದ ಬೆಲ್ಲಾಜಿಯೋ ಹುಡುಕುತ್ತಾರೆ. ಅಲ್ಲಿಗೆ ರೈಲಿಲ್ಲ. ನಮ್ಮ ಮಾತು ಕೇಳಿದರೆ ದಡದ ಇನ್ನೊಂದು ಊರಾದ ವರೆನ್ನಾದಲ್ಲಿ ರೂಮು ಮಾಡಿ: ಮಿಲಾನ್ ನಗರದ ಮುಖ್ಯ ರೈಲು ನಿಲ್ದಾಣ ಮಿಲಾನೋ ಚೆಂತ್ರಾಲೆಯಿಂದ ನೇರ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ, ಇಳಿಯುವ ನಿಲ್ದಾಣ ವರೆನ್ನಾ-ಎಸಿನೋ. ಮಿಲಾನೋದ ಬೋರ್ಡಿನಲ್ಲಿ ಆ ಹೆಸರು ಹುಡುಕಿದರೆ ಸಿಗದು. ರೈಲು ಮುಂದೆ ಹೋಗುವ ಊರಿನ ಹೆಸರು, ಸೋಂದ್ರಿಯೋ ಅಥವಾ ತಿರಾನೋ ಎಂದಿರುತ್ತದೆ. ಎಡಗಡೆ ಕಿಟಕಿ ಹಿಡಿಯಿರಿ, ದಾರಿಯ ಲೆಕ್ಕೋ ಊರು ದಾಟಿದ ಮೇಲೆ ನೀರು ಆ ಕಡೆಗೇ. ಪ್ರಾದೇಶಿಕ ರೈಲಾದ್ದರಿಂದ ದರ ಒಂದೇ, ತಿಂಗಳು ಮೊದಲೇ ಕೊಂಡರೆ ಲಾಭವಿಲ್ಲ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ. ದುಡ್ಡು ಕೊಟ್ಟು ಕೊಂಡಿದ್ದರೂ ಮುದ್ರೆಯಿಲ್ಲದಿದ್ದರೆ ದಂಡ ಬೀಳುತ್ತದೆ.

ವರೆನ್ನಾದ ಓಣಿಗಳೆಲ್ಲ ಕಲ್ಲುಹಾಸು, ಮೆಟ್ಟಿಲು. ನಾಲ್ಕು ಚಕ್ರದ ದೊಡ್ಡ ಸೂಟ್‌ಕೇಸ್ ಅಲ್ಲಿ ಉರುಳುವುದಿಲ್ಲ, ಹೊರಬೇಕು. ಒಬ್ಬರಿಗೊಂದು ಬೆನ್ನುಚೀಲ ಸಾಕು. ಅಪ್ಪ-ಅಮ್ಮ ಜೊತೆಗಿದ್ದರೆ ದೋಣಿಕಟ್ಟೆಯ ಹತ್ತಿರದ ರೂಮನ್ನೇ ನೋಡಿ.

ವರೆನ್ನಾದಿಂದ ಬೆಲ್ಲಾಜಿಯೋಗೆ ಫೆರ್ರಿಯಲ್ಲಿ ಕಾಲು ಗಂಟೆ, ಎದುರು ದಡದ ಮೆನಾಜ್ಜಿಯೋಗೂ ಹಾಗೇ. ವೇಗದ ದೋಣಿಗೆ ಹೆಚ್ಚು ದರ; ಇಷ್ಟು ಹತ್ತಿರಕ್ಕೆ ಅದು ಬೇಡ. ಚಳಿಗಾಲದಲ್ಲಿ ದೋಣಿಗಳು ಕಡಿಮೆ, ಹಲವು ಹೋಟೆಲುಗಳು ಮುಚ್ಚಿರುತ್ತವೆ. ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಸಂಜೆ ಹೊರಡುವ ಮುನ್ನ ಕಟ್ಟೆಯ ವೇಳಾಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಕೊನೆಯ ದೋಣಿ ತಪ್ಪಿದರೆ ಬೆಟ್ಟ ಸುತ್ತಿಕೊಂಡು ಟ್ಯಾಕ್ಸಿಯಲ್ಲೇ ಬರಬೇಕು.